ಜಿಮ್ ಸೇರಿದ ಮೇಲೆ ಓಟ ನಿಧಾನವಾಯಿತು, ಬಿಟ್ಟುಬಿಡಲೇ?

ಪ್ರಶ್ನೆ: ನನಗೆ 19 ವರ್ಷ. 400 ಮೀಟರ್ ಓಡುತ್ತೇನೆ. ಸೋಮವಾರ ಸ್ಟಾರ್ಟ್ ಮತ್ತು 30 ಮೀಟರ್ ಓಟ, ಮಂಗಳವಾರ ಟೆಂಪೊ (ಹದವಾದ ವೇಗದ ಓಟ), ಗುರುವಾರ 150–200 ಮೀಟರ್ ವೇಗದ ಓಟ, ಶುಕ್ರವಾರ ಮತ್ತೆ ಟೆಂಪೊ, ಶನಿವಾರ 300–350 ಮೀಟರ್. ಎಲ್ಲವೂ ಬೆಳಗ್ಗೆ. ಬುಧವಾರ, ಭಾನುವಾರ ಟ್ರ್ಯಾಕ್ ಇಲ್ಲ. ಶಕ್ತಿ ಸಾಲದು ಅಂತ ಐದು ತಿಂಗಳ ಹಿಂದೆ ಜಿಮ್ ಸೇರಿದೆ. ಸಂಜೆ ಹೊತ್ತು ಸೋಮವಾರ ಎದೆ, ಮಂಗಳವಾರ ಬೆನ್ನು, ಬುಧವಾರ ಕಾಲು, ಗುರುವಾರ ಭುಜ, ಶುಕ್ರವಾರ ಕೈ. ಎಲ್ಲದಕ್ಕೂ 4 ಸೆಟ್ (ಸುತ್ತು), ಸೆಟ್‌ಗೆ 10ರಿಂದ 15 ರೆಪ್ (ಅಷ್ಟು ಸಲ ಎತ್ತುವುದು), ಕೊನೆಯ ಸೆಟ್ ಇನ್ನು ಆಗುವುದೇ ಇಲ್ಲ ಅನ್ನುವವರೆಗೆ. ಸ್ಕ್ವಾಟ್‌ನಲ್ಲಿ (ಬಾರ್ ಹೆಗಲ ಮೇಲಿಟ್ಟು ಕೂತೇಳುವುದು) ಕೊನೆಯ ಸೆಟ್ 30 ಕೆ.ಜಿ. ಇದ್ದದ್ದು 50 ಕೆ.ಜಿ.ಗೆ (10 ರೆಪ್) ಏರಿದೆ. ಓಟ ಮಾತ್ರ ಕೆಟ್ಟಿದೆ. ಮೊದಲು ಅಭ್ಯಾಸದಲ್ಲಿ ಸ್ಟಾಪ್‌ವಾಚ್‌ನಲ್ಲಿ 58.6 ಬಂದಿತ್ತು. ಹೋದ ತಿಂಗಳ ಕೂಟದಲ್ಲಿ ಎಲೆಕ್ಟ್ರಾನಿಕ್ ಟೈಮಿಂಗ್ 59.31. ಕಾಲು ಸದಾ ಭಾರ, ಎಡ ತೊಡೆಯ ಹಿಂಭಾಗ ಬಿಗಿ. ಕೋಚ್ ಸರ್ ‘ಭಾರ ಎತ್ತಿದರೆ ಕಾಲು ಜಡವಾಗುತ್ತೆ, ನಾಳೆಯಿಂದಲೇ ಬಿಡು’ ಅನ್ನುತ್ತಾರೆ. ಜಿಮ್ ಟ್ರೈನರ್ ‘ಕಾಲಿಗೆ ಇನ್ನೊಂದು ದಿನ ಸೇರಿಸು, ತಾಳ್ಮೆ ಇರಲಿ’ ಅನ್ನುತ್ತಾರೆ. ದಪ್ಪ ಆಗಬಾರದು ಅಂತ ಊಟ ಕಡಿಮೆ ಮಾಡಿದ್ದೇನೆ. 56 ಕೆ.ಜಿ. ಇದ್ದವಳು 53 ಆಗಿದ್ದೇನೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಅಭ್ಯಾಸ ಜೋರಾದರೆ ಹಾಗಾಗುತ್ತೆ ಅಂತ ಗೆಳತಿಯರು ಹೇಳಿದರು. ಮುಖ್ಯ ಕೂಟಕ್ಕೆ 14 ವಾರ ಇದೆ. ಜಿಮ್ ಬಿಡಲೇ? ಬಿಡದಿದ್ದರೆ ಏನೇನು, ಎಷ್ಟೆಷ್ಟು ಮಾಡಬೇಕು? ಸ್ಕ್ವಾಟ್ ವಿಡಿಯೊ ಕಳಿಸಿದ್ದೇನೆ.

ಉತ್ತರ: ನೀವು ಪ್ರಶ್ನೆಯಾಗಿ ಕೇಳದೆ ಹಾಗೇ ದಾಟಿಸಿಬಿಟ್ಟ ಒಂದು ಸಾಲಿದೆ, ಅಲ್ಲಿಂದಲೇ ಶುರು ಮಾಡುತ್ತೇನೆ. ಮೂರು ತಿಂಗಳಿಂದ ಮುಟ್ಟಾಗಿಲ್ಲ ಅಂದಿದ್ದೀರಿ. ಓಟಗಾರ್ತಿಯರಲ್ಲಿ ಇದು ‘ಆಗುವಂಥದ್ದೇ’ ಎಂಬ ಮಾತು ಟ್ರ್ಯಾಕ್‌ಗಳಲ್ಲಿ ಬಹಳ ವರ್ಷದಿಂದ ಓಡಾಡುತ್ತಿದೆ. ಹಲವರಿಗೆ ಆಗುತ್ತದೆ ಎಂಬುದು ನಿಜ, ಅಷ್ಟರಿಂದ ಅದು ಸಹಜ ಆಗಿಬಿಡುವುದಿಲ್ಲ. ಮಾಡುವ ಕೆಲಸಕ್ಕೆ ತಕ್ಕಷ್ಟು ಊಟ ಸಿಗದಿದ್ದಾಗ ದೇಹ ಒಂದೊಂದೇ ಖರ್ಚು ಕಡಿತ ಮಾಡುತ್ತದೆ. ಮುಟ್ಟು ನಿಲ್ಲುವುದು ಕಣ್ಣಿಗೆ ಕಾಣುವ ಕಡಿತ. ಮೂಳೆ ಸವೆಯುವುದು, ಗಾಯ ಬೇಗ ಮಾಯದಿರುವುದು, ಎಷ್ಟು ಅಭ್ಯಾಸ ಮಾಡಿದರೂ ಶಕ್ತಿ ಕೂಡದಿರುವುದು ಕಾಣದ ಕಡಿತಗಳು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ತಜ್ಞರು 2014ರಲ್ಲಿ ಇದಕ್ಕೊಂದು ಹೆಸರಿಟ್ಟು, ಹೆಣ್ಣುಮಕ್ಕಳಷ್ಟೇ ಅಲ್ಲ, ಗಂಡುಮಕ್ಕಳಲ್ಲೂ ಈ ಸ್ಥಿತಿ ಬರುತ್ತದೆ ಎಂದು ಹೇಳಿದರು.

ಹಾಗಾಗಿ ಈ ವಾರವೇ ಸ್ತ್ರೀರೋಗ ತಜ್ಞರನ್ನೋ ಕ್ರೀಡಾ ವೈದ್ಯರನ್ನೋ ಕಾಣಿ. ನಾನು ಶಕ್ತಿ ತರಬೇತಿಯವನು, ವೈದ್ಯನಲ್ಲ. ಮುಟ್ಟು ನಿಲ್ಲಲು ಥೈರಾಯ್ಡ್ ಸೇರಿ ಬೇರೆ ಕಾರಣಗಳೂ ಇರಬಹುದು, ಅವನ್ನೆಲ್ಲ ತಳ್ಳಿಹಾಕಬೇಕಾದವರು ಅವರು. ನೀವು ಓಟಗಾರ್ತಿ, ತೂಕ ಇಳಿಸಿದ್ದೀರಿ, ಊಟ ಕಡಿಮೆ ಮಾಡಿದ್ದೀರಿ ಎಂಬ ಮೂರನ್ನೂ ಬಾಯಿಬಿಟ್ಟು ಹೇಳಿ. ಮಾತ್ರೆ ನುಂಗಿ ರಕ್ತಸ್ರಾವ ಬಂದ ಮಾತ್ರಕ್ಕೆ ಊಟದ ಕೊರತೆ ಸರಿಹೋಯಿತು ಎಂದುಕೊಳ್ಳಬೇಡಿ. ಕೆಳಗೆ ಹೇಳುವ ಕಾರ್ಯಕ್ರಮದ ಭಾರದ ಭಾಗಕ್ಕೂ ವೈದ್ಯರ ಒಪ್ಪಿಗೆ ಸಿಕ್ಕ ಮೇಲೆಯೇ ಕೈಹಾಕಿ. ಹೊಟ್ಟೆಗೆ ಸಾಲದವರಿಗೆ ಎಂಥ ಚೆಂದದ ಕಾರ್ಯಕ್ರಮ ಬರೆದುಕೊಟ್ಟರೂ ಅದು ಹಾಳೆಯ ಮೇಲೆಯೇ ಉಳಿಯುತ್ತದೆ.

ಈಗ ನಿಮ್ಮ ಪ್ರಶ್ನೆ. ಮೊದಲು ಎಷ್ಟು ಹಿಂದೆ ಬಿದ್ದಿದ್ದೀರಿ ಎಂಬ ಲೆಕ್ಕ ಸರಿ ಮಾಡಿಕೊಳ್ಳೋಣ. 58.6 ಕೈ ಗಡಿಯಾರದ್ದು, 59.31 ಎಲೆಕ್ಟ್ರಾನಿಕ್. ಪಿಸ್ತೂಲಿನ ಹೊಗೆಯನ್ನೋ ಸದ್ದನ್ನೋ ಗಮನಿಸಿ ಬೆರಳು ಒತ್ತುವಷ್ಟರಲ್ಲಿ ಒಂದಿಷ್ಟು ಹೊತ್ತು ಕಳೆದುಹೋಗುತ್ತದೆ. ಅದಕ್ಕೇ 400 ಮೀಟರ್‌ಗೆ ಕೈ ಟೈಮಿಂಗ್ ಮೇಲೆ 0.14 ಸೆಕೆಂಡ್ ಸೇರಿಸಿ ಹೋಲಿಸುವ ರೂಢಿ ಇದೆ. ಅಂದರೆ ನಿಮ್ಮ ಹಳೆಯದು ಸುಮಾರು 58.74. ಹಿನ್ನಡೆ 0.7 ಅಲ್ಲ, 0.57ರ ಆಸುಪಾಸು. ಗಾಳಿ, ಲೇನ್, ಆ ದಿನದ ನಿದ್ದೆ ಇವೂ ಅದರಲ್ಲಿ ಸೇರಿವೆ. ಆದರೂ ಐದು ತಿಂಗಳ ದುಡಿಮೆಯ ನಂತರ ಅರ್ಧ ಸೆಕೆಂಡ್ ಹಿಂದೆ ಬಿದ್ದರೆ ಯಾರಿಗಾದರೂ ಬೇಸರವೇ.

ನಿಮ್ಮ ಕೋಚ್ ಕಂಡದ್ದು ಸರಿ. ನಿಮ್ಮ ಕಾಲು ಜಡವಾಗಿದೆ. ಅದಕ್ಕೆ ಅವರು ಕೊಟ್ಟ ಕಾರಣವನ್ನು ಮಾತ್ರ ಒಪ್ಪುವುದು ಕಷ್ಟ. ಭಾರ ಎತ್ತಿದರೆ ಸ್ನಾಯು ಗಂಟುಕಟ್ಟಿ ವೇಗ ಕಡಿಮೆಯಾಗುತ್ತದೆ ಎಂಬ ನಂಬಿಕೆ ಕಳೆದ ಶತಮಾನದ ಮೊದಲರ್ಧದಲ್ಲಿ ದೊಡ್ಡ ದೊಡ್ಡ ಶರೀರಶಿಕ್ಷಣ ತಜ್ಞರಿಗೂ ಇತ್ತು. 1951ರಲ್ಲಿ ಜೋರ್ಬಾಸ್ ಮತ್ತು ಕಾರ್ಪೊವಿಚ್ ಎಂಬ ಅಮೆರಿಕದ ಸಂಶೋಧಕರು 600 ಜನ ಗಂಡಸರನ್ನು ಕೂಡಿಸಿ, ಭಾರ ಎತ್ತುವವರು ಮತ್ತು ಎತ್ತದವರು ಕೈಯನ್ನು ಎಷ್ಟು ವೇಗವಾಗಿ ತಿರುಗಿಸುತ್ತಾರೆ ಎಂದು ಅಳೆದರು. ಭಾರ ಎತ್ತುವವರೇ ವೇಗವಾಗಿದ್ದರು. ಆಮೇಲೆ ಬಂದ ಕೆಲಸಗಳೂ ಅದೇ ದಿಕ್ಕಿನವು. 2000ರಲ್ಲಿ ವೇಯಂಡ್ ಮತ್ತು ಸಂಗಡಿಗರು ತೋರಿಸಿದ್ದು ಇನ್ನೂ ನೇರವಾಗಿ ನಿಮಗೆ ಸಂಬಂಧಿಸಿದ್ದು: ವೇಗದ ಓಟಗಾರರು ಉಳಿದವರಿಗಿಂತ ಭಿನ್ನವಾಗುವುದು ಕಾಲನ್ನು ಗಾಳಿಯಲ್ಲಿ ಬೇಗ ಬೀಸುವುದರಿಂದ ಅಲ್ಲ, ನೆಲವನ್ನು ಹೆಚ್ಚು ಬಲವಾಗಿ ಒತ್ತುವುದರಿಂದ.

ಹಾಗಾದರೆ ನಿಮ್ಮ ಕಾಲು ಜಡವಾಗಿದ್ದು ಯಾಕೆ? ನಿಮ್ಮ ಎರಡು ವೇಳಾಪಟ್ಟಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ಬುಧವಾರ ಟ್ರ್ಯಾಕ್‌ಗೆ ರಜೆ. ಕೋಚ್ ಆ ರಜೆ ಕೊಟ್ಟಿದ್ದು ಗುರುವಾರ ನೀವು ಹಗುರವಾಗಿ ಬರಲಿ ಎಂದು. ಅದೇ ಬುಧವಾರ ಸಂಜೆ ಜಿಮ್‌ನಲ್ಲಿ ವಾರದ ಅತಿ ಕಠಿಣ ಕಾಲಿನ ಕೆಲಸ. ಹೀಗೆ ದಣಿದ ಸ್ನಾಯುವಿನ ನೋವು ಏರುವುದು ಸಾಮಾನ್ಯವಾಗಿ 24ರಿಂದ 72 ಗಂಟೆಗಳ ನಡುವೆ. ಅಂದರೆ ಗುರುವಾರ ಸಂಜೆಯಿಂದ ಶನಿವಾರ ಸಂಜೆಯವರೆಗೆ. ಗುರುವಾರ ಬೆಳಗಿನ ನಿಮ್ಮ ವೇಗದ ಓಟ ಆ ದಣಿವು ಹಸಿಯಾಗಿರುವಾಗಲೇ, ಶನಿವಾರದ 300 ಮೀಟರ್ ಸರಿಯಾಗಿ ಆ ನೋವಿನ ಬಾಯಿಗೇ ಬಿದ್ದಿವೆ. ಐದು ತಿಂಗಳಿಂದ ನೀವು ವೇಗವನ್ನು ಅಭ್ಯಾಸ ಮಾಡಿಲ್ಲ. ದಣಿದ ಕಾಲಿನಲ್ಲಿ ನಿಧಾನವಾಗಿ ಓಡುವುದನ್ನು ಶಿಸ್ತಾಗಿ ಅಭ್ಯಾಸ ಮಾಡಿದ್ದೀರಿ. (ಆ ನೋವು ಲ್ಯಾಕ್ಟಿಕ್ ಆಸಿಡ್‌ನಿಂದ ಎಂದು ಯಾರಾದರೂ ಹೇಳಿದರೆ ಪಕ್ಕಕ್ಕಿಡಿ. ಅದು ಓಡಿದ ಒಂದೆರಡು ಗಂಟೆಯೊಳಗೆ ರಕ್ತದಿಂದ ಹೋಗಿರುತ್ತದೆ, ಎರಡು ದಿನ ಕಾದು ಕಾಡುವುದಿಲ್ಲ.)

ಎರಡನೆಯ ಕಾರಣ ನಿಮ್ಮ ವಿಡಿಯೊದಲ್ಲೇ ಇದೆ. ಮೊದಲ ಐದು ರೆಪ್ ನೋಡುವುದಕ್ಕೇ ಖುಷಿ. ತೊಡೆ ನೆಲಕ್ಕೆ ಸಮಾನವಾಗುವವರೆಗೆ ಇಳಿಯುತ್ತೀರಿ, ಬಾರ್ ಒಂದೇ ಗತಿಯಲ್ಲಿ ಮೇಲೆ ಬರುತ್ತದೆ. ಏಳನೆಯದರಿಂದ ಅರ್ಧ ದಾರಿಯಲ್ಲಿ ಬಾರ್ ತಡವರಿಸುತ್ತದೆ. ಒಂಬತ್ತನೆಯದರಲ್ಲಿ ಎಡ ಮಂಡಿ ಒಳಕ್ಕೆ ವಾಲಿ, ಹಿಮ್ಮಡಿ ನೆಲ ಬಿಟ್ಟಿದೆ. ಹತ್ತನೆಯದನ್ನು ನೀವು ಎತ್ತಿದ್ದು ಕಾಲಿನಿಂದಲ್ಲ, ಸೊಂಟದಿಂದ. ಪಕ್ಕದಲ್ಲಿ ನಿಂತವರು ‘ಇನ್ನೊಂದು, ಇನ್ನೊಂದು’ ಎಂದು ಕೂಗುತ್ತಿರುವುದೂ ಕೇಳಿಸುತ್ತದೆ. ಆ ಕೊನೆಯ ಮೂರು ರೆಪ್‌ಗಳಿಂದ ನಿಮಗೆ ಸಿಕ್ಕ ಶಕ್ತಿ ಬಹಳ ಕಡಿಮೆ, ತೆತ್ತ ಆಯಾಸ ಬಹಳ ಹೆಚ್ಚು. 2017ರಲ್ಲಿ ಪರೇಹಾ ಬ್ಲಾಂಕೊ ಮತ್ತು ಸಂಗಡಿಗರು ಸ್ಕ್ವಾಟ್ ಮಾಡುವ ಯುವಕರ ಎರಡು ಗುಂಪು ಮಾಡಿದರು. ಒಂದು ಗುಂಪು ಬಾರ್‌ನ ವೇಗ 20% ಕುಸಿದ ಕೂಡಲೇ ಸೆಟ್ ನಿಲ್ಲಿಸುತ್ತಿತ್ತು, ಇನ್ನೊಂದು 40% ಕುಸಿಯುವವರೆಗೆ ಎಳೆಯುತ್ತಿತ್ತು. ಎಂಟು ವಾರದ ನಂತರ ಇಬ್ಬರ ಸ್ಕ್ವಾಟ್ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಜಿಗಿತದಲ್ಲಿ ಬೇಗ ನಿಲ್ಲಿಸಿದವರೇ ಮುಂದೆ. ಕೊನೆತನಕ ಎಳೆದವರ ಸ್ನಾಯು ಹೆಚ್ಚು ಬೆಳೆದಿತ್ತು, ಆದರೆ ಅತಿ ವೇಗದ ಎಳೆಗಳ ಪಾಲು ಅವರಲ್ಲಿ ಕುಗ್ಗಿತ್ತು. ದೇಹದಾರ್ಢ್ಯಕ್ಕೆ ಅದು ಒಳ್ಳೆಯ ವ್ಯಾಪಾರ. 400 ಮೀಟರ್ ಓಡುವವರಿಗಲ್ಲ.

ನಿಮ್ಮ ಟ್ರೈನರ್ ಕೆಟ್ಟವರೇನಲ್ಲ. ಅವರು ಕೊಟ್ಟ ಪಟ್ಟಿ ಸ್ನಾಯು ಬೆಳೆಸಲು ಬರುವವರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ದಿನಕ್ಕೊಂದು ಅಂಗ ಎಂದು ಹಂಚುವುದು ಆ ಲೋಕದ ಪದ್ಧತಿ. ಅಂದಹಾಗೆ, ಎಲ್ಲ ಜಿಮ್‌ಗಳಲ್ಲೂ ಕಾಣುವ ‘ಮೂರು ಸೆಟ್, ಹತ್ತು ರೆಪ್’ ಸೂತ್ರದ ಮೂಲ ಆಟದ ಮೈದಾನವೇ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಥಾಮಸ್ ಡಿಲಾರ್ಮ್ ಎಂಬ ವೈದ್ಯರು ಮಂಡಿ ಪೆಟ್ಟಾದ ಸೈನಿಕರ ತೊಡೆಗೆ ಮತ್ತೆ ಬಲ ತುಂಬಲು ಭಾರ ಎತ್ತಿಸತೊಡಗಿದರು. 1945ರಲ್ಲಿ ಅದನ್ನು ಪ್ರಕಟಿಸಿ, ನಂತರದ ವರ್ಷಗಳಲ್ಲಿ ಹತ್ತರ ಮೂರು ಸೆಟ್‌ಗೆ ತಂದು ನಿಲ್ಲಿಸಿದರು. ‘ಭಾರವನ್ನು ಹಂತಹಂತವಾಗಿ ಏರಿಸಬೇಕು’ ಎಂಬ ಅವರ ಮಾತು ಇವತ್ತಿಗೂ ನಿಂತಿದೆ. ಹತ್ತು ಎಂಬ ಅಂಕಿಗೆ ಮಾತ್ರ ಅಂಥ ಮಹಿಮೆಯೇನೂ ಇಲ್ಲ.

ನಿಮಗೆ ಬೇಕಾದ ಶಕ್ತಿ ಯಾವುದು ಎಂದು ಕೇಳಿಕೊಂಡರೆ ಕಾರ್ಯಕ್ರಮ ಅರ್ಧ ಬರೆದಂತೆ. ವೇಗದ ಓಟದಲ್ಲಿ ನಿಮ್ಮ ಪಾದ ನೆಲದ ಮೇಲಿರುವುದು ಹೆಚ್ಚುಕಡಿಮೆ ಸೆಕೆಂಡಿನ ಹತ್ತನೇ ಒಂದು ಭಾಗ. ಸ್ನಾಯು ತನ್ನ ಪೂರ್ತಿ ಬಲ ಹೊರಹಾಕಲು ಅದರ ಮೂರು ಪಟ್ಟಾದರೂ ಸಮಯ ಬೇಕು. ಹಾಗಾಗಿ ನಿಮ್ಮ ಒಟ್ಟು ಬಲ ಎಷ್ಟು ಎಂಬುದರ ಜೊತೆಗೆ, ಆ ಚೂರು ಹೊತ್ತಿನಲ್ಲಿ ಅದರಲ್ಲಿ ಎಷ್ಟನ್ನು ಹೊರಗೆ ತರಬಲ್ಲಿರಿ ಎಂಬುದೂ ಮುಖ್ಯ. ಸ್ನಾಯುವಿನ ನರ ಘಟಕಗಳನ್ನು (ಒಂದು ನರಕೋಶ ಮತ್ತು ಅದರ ಹಿಡಿತದಲ್ಲಿರುವ ಸ್ನಾಯು ಎಳೆಗಳು) ದೇಹ ಸಣ್ಣದರಿಂದ ದೊಡ್ಡದಕ್ಕೆ ಸರದಿಯಲ್ಲಿ ಎಬ್ಬಿಸುತ್ತದೆ. ದೊಡ್ಡವು ಏಳಬೇಕಾದರೆ ಒಂದೋ ಭಾರ ಹೆಚ್ಚಿರಬೇಕು, ಇಲ್ಲವೇ ಮನಸ್ಸಿಟ್ಟು ಅತಿ ವೇಗವಾಗಿ ಚಲಿಸಬೇಕು. ಹಗುರ ಭಾರ, ಹದಿನೈದು ರೆಪ್ ಎಂಬ ನಡುದಾರಿಯಲ್ಲಿ ಅವು ಏಳುವುದು ಕಟ್ಟಕಡೆಯ ರೆಪ್‌ಗಳಲ್ಲಿ, ಅದೂ ದಣಿದು ನಿಧಾನವಾದ ಮೇಲೆ. ಸಹನಶಕ್ತಿಗೆ ಹೆಚ್ಚು ರೆಪ್ ಬೇಡವೇ ಎಂದು ಕೇಳಬಹುದು. ನಿಮ್ಮ ಸಹನಶಕ್ತಿಯ ಕೆಲಸವನ್ನು ಶನಿವಾರದ 300 ಮೀಟರ್‌ಗಳು ಜಿಮ್‌ಗಿಂತ ಎಷ್ಟೋ ಚೆನ್ನಾಗಿ ಮಾಡುತ್ತಿವೆ. ಟ್ರ್ಯಾಕ್ ಕೊಡುವುದನ್ನೇ ಜಿಮ್‌ನಲ್ಲಿ ಇನ್ನೊಮ್ಮೆ ಹುಡುಕಬೇಡಿ. ಟ್ರ್ಯಾಕ್ ಕೊಡಲಾರದ್ದನ್ನು ಮಾತ್ರ ಅಲ್ಲಿಂದ ತನ್ನಿ.

ದಪ್ಪವಾಗುವ ಭಯಕ್ಕೆ ಎರಡು ಮಾತು ಸಾಕು. ಭಾರ ಹೆಚ್ಚು, ರೆಪ್ ಕಡಿಮೆ, ಜೊತೆಗೆ ಇಷ್ಟು ಓಟ ಇದ್ದರೆ ದೇಹ ಸುಮ್ಮನೆ ಉಬ್ಬುವುದಿಲ್ಲ. ಮೊದಲ ಕೆಲವು ವಾರಗಳ ಶಕ್ತಿ ಬರುವುದೇ ಬಹುಪಾಲು ನರಮಂಡಲ ಕಲಿತುಕೊಳ್ಳುವುದರಿಂದ. ಮೋರಿತಾನಿ ಮತ್ತು ಡಿವ್ರೀಸ್ 1979ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ನಿಮ್ಮ ಸ್ಕ್ವಾಟ್ ಏರಿದ್ದು ತೂಕ ಇಳಿಯುತ್ತಿದ್ದ ತಿಂಗಳುಗಳಲ್ಲೇ ಅಲ್ಲವೇ?

ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಜಿಮ್ ಪೂರ್ತಿ ಬಿಟ್ಟರೆ ಎರಡು ಮೂರು ವಾರದಲ್ಲಿ ಕಾಲು ಹಗುರವಾಗಿ ಟೈಮಿಂಗ್ ಸುಧಾರಿಸುವ ಸಾಧ್ಯತೆ ಚೆನ್ನಾಗಿದೆ. ಕೋಚ್ ‘ನೋಡು, ಹೇಳಿದೆನಲ್ಲ’ ಅನ್ನುತ್ತಾರೆ. ಅಲ್ಲೇ ಮೋಸ ಇರುವುದು. ಅದು ಆಯಾಸ ಇಳಿದದ್ದರ ಫಲ, ಒಮ್ಮೆ ಮಾತ್ರ ಸಿಗುವಂಥದ್ದು. ಅದಾದ ಮೇಲೆ ಹತ್ತು ವಾರಗಳಲ್ಲಿ ಗಳಿಸಿದ ಶಕ್ತಿ ಸೋರುತ್ತದೆ, ತೊಡೆಯ ಹಿಂಭಾಗ ಬಲವಿಲ್ಲದೆ ಕೂಟದ ವೇಗಕ್ಕೆ ಒಡ್ಡಿಕೊಳ್ಳುತ್ತದೆ. ಈಗಿನಂತೆಯೇ ಮುಂದುವರಿದು ಇನ್ನೊಂದು ಕಾಲಿನ ದಿನ ಸೇರಿಸಿದರೆ ಏನಾಗಬಹುದು ಎಂಬುದಕ್ಕೆ ರಾಬರ್ಟ್ ಹಿಕ್ಸನ್ 1980ರಲ್ಲಿ ಮಾಡಿದ ಪ್ರಯೋಗ ನೆನಪಾಗುತ್ತದೆ. ವಾರಕ್ಕೆ ಐದು ದಿನ ಭಾರ, ಆರು ದಿನ ಸಹನಶಕ್ತಿಯ ಕಠಿಣ ಕೆಲಸ ಎರಡನ್ನೂ ಮಾಡಿದ ಗುಂಪು ಏಳು ವಾರದವರೆಗೆ ಭಾರ ಮಾತ್ರ ಎತ್ತಿದವರ ಸಮಕ್ಕೇ ಏರಿ, ನಂತರ ನಿಂತು, ಕೊನೆಯ ಎರಡು ವಾರ ಶಕ್ತಿ ಕಳೆದುಕೊಂಡಿತು. ಓಟ ಮತ್ತು ಭಾರ ಕೂಡಿ ಬಾಳವು ಎಂದು ಹೇಳಲು ಇದನ್ನು ಎತ್ತಿ ತೋರಿಸುವವರಿದ್ದಾರೆ. ನಾನು ಓದುವುದು ಬೇರೆ ಥರ: ಆ ಪ್ರಮಾಣದಲ್ಲಿ ಕೂಡಿ ಬಾಳವು.

ಮೂರನೆಯದು, ನಾನು ನಿಮಗೆ ಹೇಳುವುದು, ವಾರಕ್ಕೆ ಎರಡೇ ದಿನ. ಅದೂ ಟ್ರ್ಯಾಕ್‌ನ ಕಠಿಣ ದಿನಗಳಾದ ಸೋಮವಾರ ಮತ್ತು ಗುರುವಾರ ಸಂಜೆ, ಬೆಳಗಿನ ಓಟದ ನಂತರ ಆರು ಗಂಟೆಯಾದರೂ ಬಿಟ್ಟು. ಕಠಿಣ ದಿನಕ್ಕೇ ಕಠಿಣ ಕೆಲಸ ಸೇರಿಸುವುದು ವಿಚಿತ್ರ ಅನ್ನಿಸಬಹುದು. ಆದರೆ ಹಾಗೆ ಮಾಡಿದಾಗಲೇ ಬುಧವಾರ ನಿಜವಾಗಿ ಬುಧವಾರವಾಗುತ್ತದೆ. ಇದರ ಅಪಾಯವೂ ಇದೆ. ಆ ಎರಡು ದಿನ ಉದ್ದವಾಗುತ್ತವೆ. ನಡುವೆ ಊಟ, ಒಂದಿಷ್ಟು ಮಲಗುವುದು ತಪ್ಪಿದರೆ ಸಂಜೆಯ ಸ್ಕ್ವಾಟ್ ಕೆಡುತ್ತದೆ. ಪರೀಕ್ಷೆ, ಪ್ರಯಾಣ ಬಂದಾಗ ಗುರುವಾರದ್ದನ್ನು ಬಿಟ್ಟು ಸೋಮವಾರದ್ದೊಂದನ್ನೇ ಉಳಿಸಿಕೊಳ್ಳಿ. ಭಾರ ಇಳಿಸದಿದ್ದರೆ ವಾರಕ್ಕೊಂದು ದಿನವೂ ಗಳಿಸಿದ ಶಕ್ತಿಯನ್ನು ಕೆಲವು ವಾರ ಹಿಡಿದಿಡುತ್ತದೆ, ಏರಿಸಲಾರದು ಅಷ್ಟೆ.

ಇನ್ನು ಲೆಕ್ಕ. 50 ಕೆ.ಜಿ.ಯನ್ನು 10 ಸಲ ಎತ್ತಿದವರು ಒಮ್ಮೆಗೆ ಎಷ್ಟು ಎತ್ತಬಹುದು ಎಂದು ಅಂದಾಜು ಮಾಡಲು ಎಪ್ಲಿ ಸೂತ್ರವಿದೆ: ರೆಪ್‌ಗಳನ್ನು 30ರಿಂದ ಭಾಗಿಸಿ, ಒಂದನ್ನು ಕೂಡಿ, ಭಾರದಿಂದ ಗುಣಿಸಿ. 66.7 ಬರುತ್ತದೆ. ನಿಮ್ಮ ಕೊನೆಯ ರೆಪ್‌ಗಳು ಕೆಟ್ಟಿದ್ದರಿಂದ 65 ಎಂದಿಟ್ಟುಕೊಳ್ಳೋಣ. ನಿಜವಾಗಿ ಒಮ್ಮೆಗೆ ಎಷ್ಟು ಎತ್ತಬಲ್ಲೆ ಎಂದು ಪರೀಕ್ಷಿಸಲು ಹೋಗಬೇಡಿ. ಅದರಿಂದ ನಿಮ್ಮ ಓಟಕ್ಕೆ ಬರುವ ಲಾಭ ಏನೂ ಇಲ್ಲ.

ಮೊದಲ ವಾರ ಕಾಲಿಗೆ ಹೆಚ್ಚುಕಡಿಮೆ ರಜೆ. ಆಮೇಲೆ ನಾಲ್ಕನೇ ವಾರ ಮುಗಿಯುವವರೆಗೆ ಸ್ಕ್ವಾಟ್ 42.5ರಿಂದ 47.5 ಕೆ.ಜಿ., 6 ರೆಪ್, 3 ಸೆಟ್. ಪ್ರತಿ ಸೆಟ್ ಮುಗಿದಾಗ ಇನ್ನೂ ಮೂರು ರೆಪ್ ಮಾಡಬಹುದಿತ್ತು ಅನ್ನಿಸಬೇಕು. ಎಡ ಮಂಡಿ ಒಳಕ್ಕೆ ವಾಲಿದರೆ ಆ ಸೆಟ್ ಅಲ್ಲಿಗೇ ಮುಗಿಯಿತು, ಅಂಕಿ ಎಷ್ಟೇ ಇರಲಿ. ಈ ವಾರಗಳು ನೀರಸವಾಗಿರುತ್ತವೆ. ಸ್ನಾಯುವಿಗಿಂತ ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನವಾಗಿ ಗಟ್ಟಿಯಾಗುತ್ತದೆ. ಅದು ಸಿದ್ಧವಾಗುವ ಮೊದಲೇ ಭಾರ ಏರಿಸಿದವರು ಮಂಡಿಚಿಪ್ಪಿನ ಕೆಳಗೋ ಹಿಮ್ಮಡಿಯ ಮೇಲೋ ನೋವು ಹಿಡಿದುಕೊಂಡು ಬರುವುದನ್ನು ನನ್ನ ಕೆಲಸದಲ್ಲಿ ಮತ್ತೆ ಮತ್ತೆ ನೋಡುತ್ತೇನೆ.

ಐದರಿಂದ ಒಂಬತ್ತನೇ ವಾರದವರೆಗೆ ನಿಜವಾದ ಶಕ್ತಿಯ ಕೆಲಸ. ಭಾರ 52.5ರಿಂದ ಶುರುವಾಗಿ, ಎಲ್ಲ ಸರಿಯಿದ್ದರೆ 57.5 ಅಥವಾ 60 ಮುಟ್ಟಬಹುದು. ರೆಪ್ 3ರಿಂದ 5, ಸೆಟ್ 3. ನಡುವೆ ಏಳನೇ ವಾರ ಭಾರ ಹಾಗೇ ಇಟ್ಟು ಸೆಟ್‌ಗಳನ್ನು ಅರ್ಧ ಮಾಡಿ.

ಆರನೇ ವಾರದ ಸೋಮವಾರ ಹೇಗಿರುತ್ತದೆ ಎಂದು ಬಿಡಿಸಿ ಹೇಳುತ್ತೇನೆ. ಖಾಲಿ ಬಾರ್ (20 ಕೆ.ಜಿ.) 5 ರೆಪ್, 35ಕ್ಕೆ 5, 45ಕ್ಕೆ 3. ಇವು ವಾರ್ಮ್‌ಅಪ್. ಆಮೇಲೆ 55 ಕೆ.ಜಿ., 4 ರೆಪ್. ಇಳಿಯುವುದು ನಿಧಾನ, ಏಳುವುದು ಆದಷ್ಟು ಜೋರಾಗಿ. ಭಾರ ಹೆಚ್ಚಿರುವುದರಿಂದ ಬಾರ್ ನಿಧಾನವಾಗಿಯೇ ಏಳಬಹುದು, ಪರವಾಗಿಲ್ಲ, ಏಳುವಾಗಿನ ಆತುರ ಮುಖ್ಯ. ಬಾರ್ ಸ್ಟ್ಯಾಂಡ್‌ಗಿಟ್ಟು ಮೂರು ನಿಮಿಷ ಸುಮ್ಮನೆ ಕೂರಿ. ಆ ಮೂರು ನಿಮಿಷ ವ್ಯರ್ಥ ಅನ್ನಿಸಿ ಪ್ಲ್ಯಾಂಕ್ ಮಾಡಲು ಹೊರಡುವ ಓಟಗಾರರೇ ಹೆಚ್ಚು. ಬೇಡ. ಹೀಗೆ ಮೂರು ಸೆಟ್. ನಂತರ ನಾರ್ಡಿಕ್: ಮಂಡಿಯೂರಿ ಕುಳಿತು, ಜೊತೆಗಾರರಿಂದ ಹಿಮ್ಮಡಿ ಹಿಡಿಸಿಕೊಂಡು, ಸೊಂಟ ಬಗ್ಗಿಸದೆ ಇಡೀ ದೇಹವನ್ನು ಮುಂದಕ್ಕೆ ಆದಷ್ಟು ನಿಧಾನವಾಗಿ ಬೀಳಿಸುವುದು, ಕೊನೆಗೆ ಕೈಯೂರಿ ಬಿದ್ದು, ಕೈಯಿಂದಲೇ ತಳ್ಳಿಕೊಂಡು ಏಳುವುದು. 4 ರೆಪ್, 2 ಸೆಟ್. ಆಮೇಲೆ ಮೀನಖಂಡಕ್ಕೆ ಹಿಮ್ಮಡಿ ಎತ್ತಿ ಇಳಿಸುವುದು: ಮಂಡಿ ನೇರವಾಗಿಟ್ಟು ಒಂದು, ಬಗ್ಗಿಸಿಟ್ಟು ಒಂದು, ತಲಾ 2 ಸೆಟ್. ಒಂದು ಕೈಯ ಡಂಬೆಲ್ ರೋ (ಬಾಗಿ ನಿಂತು ಡಂಬೆಲ್ಲನ್ನು ಪಕ್ಕೆಯ ಕಡೆಗೆ ಎಳೆಯುವುದು) 2 ಸೆಟ್. ಮುಗಿಯಿತು. ಮುಕ್ಕಾಲು ಗಂಟೆ. ಹೊರಗೆ ಬರುವಾಗ ಮೆಟ್ಟಿಲು ಇಳಿಯಲು ಕಂಬಿ ಹಿಡಿಯಬೇಕಾಗಿ ಬಂದರೆ ಅಂದಿನ ಕೆಲಸ ಹೆಚ್ಚಾಗಿದೆ ಎಂದರ್ಥ.

ನಾರ್ಡಿಕ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಎಡ ತೊಡೆ ಬಿಗಿ ಎಂದಿದ್ದೀರಿ. ಇದನ್ನು ನಿಯಮಿತವಾಗಿ ಮಾಡಿದ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಗಾಯಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದಿವೆ. ಆ ಅಧ್ಯಯನಗಳು ಬಹುಪಾಲು ಫುಟ್‌ಬಾಲ್ ಆಟಗಾರರ ಮೇಲಿನವು, ಆದರೂ ವೇಗದ ಓಟದಲ್ಲಿ ಆ ಸ್ನಾಯು ಹರಿಯುವ ಬಗೆ ಎರಡೂ ಕಡೆ ಒಂದೇ: ಪಾದ ನೆಲ ಮುಟ್ಟುವ ಮೊದಲು ಚಾಚಿಕೊಳ್ಳುತ್ತಲೇ ಬ್ರೇಕ್ ಹಾಕುವಾಗ. ನಾರ್ಡಿಕ್ ಅಭ್ಯಾಸ ಮಾಡಿಸುವುದು ಅದನ್ನೇ. ಆದರೆ ಹೊಸಬರಿಗೆ ಇದು ಕೊಡುವ ನೋವು ಸಾಮಾನ್ಯದ್ದಲ್ಲ. ಎರಡನೇ ವಾರದಿಂದ 3 ರೆಪ್‌ನ ಒಂದೇ ಸೆಟ್‌ನೊಂದಿಗೆ ಶುರು ಮಾಡಿ, ಸೋಮವಾರ ಮಾತ್ರ. ಮಂಗಳವಾರ ಟೆಂಪೊ, ಬುಧವಾರ ರಜೆ ಇರುವುದರಿಂದ ಗುರುವಾರದ ಹೊತ್ತಿಗೆ ಕಾಲು ತಿಳಿಯಾಗಿರುತ್ತದೆ. ಗುರುವಾರ ಮಾಡಿದರೆ ಶನಿವಾರದ 300 ಮೀಟರ್ ಕೆಡುತ್ತದೆ. ಈಗಿರುವ ಬಿಗಿತ ಓಡುತ್ತ ಓಡುತ್ತ ಕಡಿಮೆಯಾಗುವಂಥದ್ದಾದರೆ ಆಯಾಸದ್ದಿರಬಹುದು. ಒಂದು ಜಾಗದಲ್ಲಿ ಬೆರಳಿಟ್ಟು ತೋರಿಸುವಂಥ ನೋವು, ಕೂತಾಗ ಪೃಷ್ಠದ ಕೆಳಗೆ ಚುಚ್ಚುವುದು, ಕಾಲಿನುದ್ದಕ್ಕೂ ಜುಮ್ಮೆನ್ನುವುದು ಇದ್ದರೆ ಮೊದಲು ಫಿಸಿಯೋಥೆರಪಿಸ್ಟ್ ನೋಡಲಿ.

ಗುರುವಾರದ್ದು ಇನ್ನೂ ಚಿಕ್ಕದು. ಮಂಡಿ ತುಸುವೇ ಬಗ್ಗಿಸಿ ಸೊಂಟದಿಂದ ಬಾಗುವ ರೊಮೇನಿಯನ್ ಡೆಡ್‌ಲಿಫ್ಟ್ ಹದವಾದ ಭಾರದಲ್ಲಿ 6 ರೆಪ್‌ನ 2–3 ಸೆಟ್, ಡಂಬೆಲ್ ಹಿಡಿದು ಸ್ಟೆಪ್‌ಅಪ್ (ಒಂದು ಕಾಲಿನಿಂದ ಎತ್ತರದ ಮೆಟ್ಟಿಲು ಹತ್ತುವುದು) ಕಾಲಿಗೆ 5ರಂತೆ 2 ಸೆಟ್, ಪುಶ್‌ಅಪ್ 2 ಸೆಟ್. ಓಟ ಒಂಟಿಗಾಲಿನ ಕೆಲಸ, ಆದ್ದರಿಂದ ಸ್ಟೆಪ್‌ಅಪ್ ಬಿಡಬೇಡಿ. ಬೈಸೆಪ್ಸ್, ಟ್ರೈಸೆಪ್ಸ್, ಭುಜಕ್ಕೆಂದು ಪ್ರತ್ಯೇಕ ದಿನಗಳನ್ನು ಸಂಕೋಚವಿಲ್ಲದೆ ಹೊಡೆದುಹಾಕಿ.

ಹತ್ತರಿಂದ ಹನ್ನೆರಡನೇ ವಾರದವರೆಗೆ ಜಿಮ್ ಹಿಂದೆ ಸರಿದು ಜಿಗಿತ ಮುಂದೆ ಬರಬೇಕು. ಸ್ಕ್ವಾಟ್ 55 ಕೆ.ಜಿ., 3 ರೆಪ್, 2 ಸೆಟ್ ಸಾಕು, ಒಂದೊಂದು ರೆಪ್ಪೂ ಚುರುಕಾಗಿರಬೇಕು. ಅದಕ್ಕೂ ಮೊದಲು, ಮೈ ತಾಜಾ ಇರುವಾಗ, ಬಾಕ್ಸ್ ಜಂಪ್, ನಿಂತಲ್ಲಿಂದ ಉದ್ದ ಜಿಗಿತ, ಮೆಡಿಸಿನ್ ಬಾಲ್ ಹಿಂದಕ್ಕೆ ಎಸೆಯುವುದು. ಕಾಲಿನ ಗಿಣ್ಣಿನಲ್ಲೇ ಪುಟಿಯುವ ಸಣ್ಣ ಜಿಗಿತಗಳನ್ನು ಮೂರನೇ ವಾರದಿಂದಲೇ ಟ್ರ್ಯಾಕ್ ವಾರ್ಮ್‌ಅಪ್‌ನಲ್ಲಿ ಸೇರಿಸಿಕೊಂಡು ಬಂದಿದ್ದರೆ ಇದು ಹೊಸದೆನ್ನಿಸದು. ಒಂದು ದಿನಕ್ಕೆ ನಲವತ್ತೈವತ್ತು ಸಲ ನೆಲ ಮುಟ್ಟಿದರೆ ಸಾಕು, ನೂರಾರು ಬೇಡ. ಬಾರನ್ನು ನೆಲದಿಂದ ಒಂದೇ ಏಟಿಗೆ ಭುಜಕ್ಕೆ ಎತ್ತುವ ಪವರ್ ಕ್ಲೀನ್ ಕಲಿಯಲೇ ಎಂದು ಕೇಳುವವರಿದ್ದಾರೆ. ಒಳ್ಳೆಯ ವ್ಯಾಯಾಮ, ಆದರೆ ಕೈಹಿಡಿದು ಕಲಿಸುವವರು ಮತ್ತು ತಿಂಗಳುಗಟ್ಟಲೆ ಸಮಯ ಎರಡೂ ಬೇಕು. ಕೂಟ ಮುಗಿದ ಮೇಲೆ ನೋಡಿ.

ಕೊನೆಯ ಎರಡು ವಾರ ಬಹಳ ಜನ ಎಡವುವ ಜಾಗ. ಕೆಲವರು ಪೂರ್ತಿ ಬಿಟ್ಟುಬಿಡುತ್ತಾರೆ, ಕೆಲವರು ಹೆದರಿ ಇನ್ನಷ್ಟು ಮಾಡುತ್ತಾರೆ. ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುವುದಿಷ್ಟು: ಕೂಟದ ಮುಂಚಿನ ಸುಮಾರು ಎರಡು ವಾರ ಕೆಲಸದ ಮೊತ್ತವನ್ನು 40ರಿಂದ 60% ಇಳಿಸಿ, ತೀವ್ರತೆಯನ್ನು ಇಳಿಸಬೇಡಿ. ನಿಮ್ಮ ಮಟ್ಟಿಗೆ ಹದಿಮೂರನೇ ವಾರ 52.5–55 ಕೆ.ಜಿ.ಯ ಎರಡು ಚಿಕ್ಕ ಸೆಟ್, ನಾರ್ಡಿಕ್ ಒಂದೇ ಸೆಟ್. ಕೊನೆಯ ಭಾರದ ದಿನಕ್ಕೂ ಓಟಕ್ಕೂ ಐದಾರು ದಿನ ಅಂತರವಿರಲಿ. ಆಮೇಲೆ ಬಾರ್ ಮುಟ್ಟಬೇಕಿಲ್ಲ, ನಾಲ್ಕೈದು ಚುರುಕು ಜಿಗಿತ ಸಾಕು.

ಊಟದ ವಿಷಯ ವೈದ್ಯರು ಮತ್ತು ಆಹಾರ ತಜ್ಞರಿಗೆ ಬಿಡುತ್ತೇನೆ. ಪ್ರೊಟೀನ್ ಒಂದರ ಅಂದಾಜು ಮಾತ್ರ: ದೇಹತೂಕದ ಪ್ರತಿ ಕೆ.ಜಿ.ಗೆ 1.6 ಗ್ರಾಂ, ಅಂದರೆ ನಿಮಗೆ ದಿನಕ್ಕೆ 85 ಗ್ರಾಂ ಆಸುಪಾಸು. ಆದರೆ ಒಟ್ಟು ಊಟವೇ ಕಡಿಮೆಯಿದ್ದರೆ ಪ್ರೊಟೀನ್ ಪುಡಿ ಅದನ್ನು ತುಂಬಿಕೊಡುವುದಿಲ್ಲ. ಜಿಮ್‌ನಲ್ಲಿ ಯಾರೋ ಕೊಟ್ಟ ಡಬ್ಬ ಮುಟ್ಟಲೇಬೇಡಿ. ನಿಷೇಧಿತ ಪದಾರ್ಥ ಬೆರೆತ ಪುಡಿ ತಿಂದು ಸಿಕ್ಕಿಬಿದ್ದರೂ ಹೊಣೆ ಓಡಿದವರದ್ದೇ, ಕೊಟ್ಟವರದ್ದಲ್ಲ. ಮುಟ್ಟು ಮರಳಿದ ಮೇಲೆ ಆ ದಿನಗಳಲ್ಲಿ ಭಾರ ಎತ್ತಬಾರದು ಎಂದು ಯಾರಾದರೂ ಹೇಳಬಹುದು. ಅಂಥ ನಿಯಮವಿಲ್ಲ. ಹೊಟ್ಟೆನೋವು ಜೋರಿದ್ದರೆ ಒಂದು ಸೆಟ್ ಕಡಿಮೆ ಮಾಡಿ, ಇಲ್ಲದಿದ್ದರೆ ಎಂದಿನಂತೆ.

ಕೋಚ್ ಮತ್ತು ಟ್ರೈನರ್ ನಡುವೆ ನೀವು ಸಿಕ್ಕಿಹಾಕಿಕೊಂಡಿರುವುದೂ ಈ ಸಮಸ್ಯೆಯ ಭಾಗವೇ. ಇಬ್ಬರೂ ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಿಲ್ಲ. ಓಟ, ಜಿಮ್ ಎರಡನ್ನೂ ಒಂದೇ ಹಾಳೆಯಲ್ಲಿ ದಿನವಾರು ಬರೆದು ಕೋಚ್ ಮುಂದಿಡಿ. ‘ಸರ್, ಬಿಡುವುದಿಲ್ಲ’ ಅನ್ನಬೇಡಿ. ‘ಸರ್, ಐದು ದಿನವನ್ನು ಎರಡಕ್ಕಿಳಿಸಿದ್ದೇನೆ, ಬುಧವಾರ ಖಾಲಿ ಬಿಟ್ಟಿದ್ದೇನೆ, ನಾಲ್ಕು ವಾರ ನೋಡೋಣ’ ಅನ್ನಿ. ಕೊನೆಯ ಮಾತು ಅವರದ್ದೇ ಆಗಿರಲಿ, ಏಕೆಂದರೆ ನಿಮ್ಮ ಓಟವನ್ನು ದಿನವೂ ನೋಡುವವರು ಅವರು.

ನಾಲ್ಕು ವಾರದ ನಂತರ ಏನನ್ನು ನೋಡಬೇಕು? ಸ್ಕ್ವಾಟ್ ಅಂಕಿಯನ್ನಲ್ಲ. ಪ್ರತಿ ಸೋಮವಾರ ಬೆಳಗ್ಗೆ ವಾರ್ಮ್‌ಅಪ್ ಆದ ಮೇಲೆ, ಓಡುತ್ತ ಬಂದು ಪೂರ್ತಿ ವೇಗದಲ್ಲಿ ದಾಟುವ 30 ಮೀಟರ್‌ನ ಟೈಮಿಂಗ್, ಮತ್ತು ನಿಂತಲ್ಲಿಂದ ಉದ್ದ ಜಿಗಿತ. ಇವೆರಡನ್ನೂ ಒಂದೇ ಜಾಗದಲ್ಲಿ, ಒಬ್ಬರೇ ಅಳೆಯಲಿ. ಸ್ಕ್ವಾಟ್ ನಿಂತಲ್ಲೇ ನಿಂತು ಇವು ಸುಧಾರಿಸಿದರೆ ಏನೂ ಬದಲಿಸಬೇಡಿ. ಸ್ಕ್ವಾಟ್ ಏರುತ್ತ ಇವು ಸತತ ಎರಡು ವಾರ ಇಳಿದರೆ ಭಾರ ಹಾಗೇ ಇಟ್ಟು ಸೆಟ್‌ಗಳನ್ನು ಅರ್ಧ ಮಾಡಿ. ಅಷ್ಟಾದರೂ ಹತ್ತು ದಿನದಲ್ಲಿ ಏಳದಿದ್ದರೆ ತಪ್ಪು ಹಾಳೆಯಲ್ಲಿಲ್ಲ, ಊಟದಲ್ಲೋ ನಿದ್ದೆಯಲ್ಲೋ ಇದೆ. ಆಗ ನನಗೆ ಬರೆಯುವ ಮೊದಲು ಆ ವೈದ್ಯರನ್ನೇ ಮತ್ತೆ ಕಾಣಿ.